ಸಿಗಡಿ ಮರಿ ಸತ್ತರೆ ಅದು ನಾರ್ಮಲ್ ಲಾಸಾ? (ನಮ್ಮೂರ ಲೆಕ್ಕ, ಕಂತು 7)

1/8

ಕಾಸ್ಟ್ ಅಕೌಂಟಿಂಗ್ ಪೇಪರ್ ಮುಗಿಸಿ ಪುಸ್ತಕನ ಅಟ್ಟಕ್ಕೆ ಹಾಕಿದವರೆಲ್ಲ ಒಂದ್ನಿಮಿಷ ನಿಲ್ಲಿ. ಪ್ರೊಸೆಸ್ ಕಾಸ್ಟಿಂಗ್ ನೆನಪಿದೆ ಅಲ್ದಾ? 100 ಕೆಜಿ ಕಚ್ಚಾ ಮಾಲು ಹಾಕಿದ್ರೆ 5 ಕೆಜಿ ಆವಿಯಾಗಿಯೋ ಪುಡಿಯಾಗಿಯೋ ಹೋಗೇ ಹೋಗುತ್ತೆ. ಅದು ನಾರ್ಮಲ್ ಲಾಸ್. ಅದರ ಖರ್ಚನ್ನ ಉಳಿದ 95 ಕೆಜಿ ಹೊತ್ತುಕೊಳ್ಳುತ್ತೆ, ಯಾರೂ ಪ್ರಶ್ನೆ ಕೇಳಲ್ಲ. ಆದ್ರೆ 5ರ ಬದಲು 20 ಕೆಜಿ ಹೋಯ್ತು ಅಂದ್ರೆ, ಹೆಚ್ಚಿಗೆ ಹೋದ ಆ 15 ಕೆಜಿ ಅಬ್‌ನಾರ್ಮಲ್ ಲಾಸ್. ಅದಕ್ಕೆ ಬೇರೆ ಖಾತೆ ತೆರೀಬೇಕು. ಯಾಕೆ ಹೋಯ್ತು ಅಂತ ಯಾರಾದ್ರೂ ಒಬ್ಬರು ಉತ್ತರ ಕೊಡಬೇಕು.

ನಮ್ಮ ಕರಾವಳಿಯ ಸಿಗಡಿ ಹೊಂಡಗಳಲ್ಲಿ ಈ ಎರಡನೇ ಖಾತೆಯೇ ಇಲ್ಲ. ಲಕ್ಷ ಮರಿ ಬಿಡ್ತಾರೆ. ಎಷ್ಟೋ ಸಾಯುತ್ತೆ. "ಸಿಗಡಿ ಅಂದ್ರೆ ಹಾಗೇ ತಮಾ, ಇದ್ದದ್ದು ಇರ್ತದೆ ಹೋದದ್ದು ಹೋಗ್ತದೆ" ಅಂತಾರೆ ನನ್ನ ಚಿಕ್ಕಪ್ಪ. ಕುಮಟಾ ತಾಲೂಕಿನ ಗಜನಿಯಲ್ಲಿ ಎರಡು ಹೊಂಡ ಮಾಡ್ತಾರೆ ಅವರು. ಅವರ ಅನುಭವದ ಮುಂದೆ ನನ್ನ ಬಿಕಾಂ ಏನೂ ಅಲ್ಲ. ಆದ್ರೂ ಈ ಒಂದು ಮಾತಿಗೆ ನನ್ನ ತಕರಾರಿದೆ. ಇವತ್ತಿನ ಕಂತು ಪೂರ್ತಿ ಆ ತಕರಾರೇ. ಉದ್ದ ಇದೆ. ಬಸ್ಸಲ್ಲಿ ಕೂತಾಗ ಓದಿ.

2/8

ಮೊದಲು ಈ ಮರಿ ಯಾರು, ಎಲ್ಲಿಂದ ಬರುತ್ತೆ ಅಂತ ನೋಡೋಣ. ನಮ್ಮ ಕಡೆ ಶೆಟ್ಲಿ, ಮಂಗಳೂರು ಕಡೆಯವರಿಗೆ ಎಟ್ಟಿ. ಹೆಸರು ಏನೇ ಇರಲಿ, ಈಗ ಹೊಂಡದಲ್ಲಿ ಸಾಕೋದು ಬಹುಪಾಲು ವನ್ನಾಮೈ. ಇದು ನಮ್ಮ ಸಮುದ್ರದ ಜಾತಿ ಅಲ್ಲವೇ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಪೆಸಿಫಿಕ್ ತೀರದ್ದು. ಭಾರತದಲ್ಲಿ ಸಾಕೋಕೆ ಅನುಮತಿ ಸಿಕ್ಕಿದ್ದು 2009ರಲ್ಲಿ. ಹೊರದೇಶದ ತಾಯಿ ಸಿಗಡಿ ವಿಮಾನದಲ್ಲಿ ಬಂದು, ಚೆನ್ನೈನಲ್ಲಿ ಕ್ವಾರಂಟೈನ್ ಮುಗಿಸಿ, ಹ್ಯಾಚರಿಗೆ ಹೋಗುತ್ತೆ. ದೇಶದ ಹ್ಯಾಚರಿಗಳಲ್ಲಿ ಹೆಚ್ಚಿನವು ಇರೋದು ಪೂರ್ವ ಕರಾವಳಿಯಲ್ಲಿ, ಆಂಧ್ರ ಮತ್ತು ತಮಿಳುನಾಡಿನಲ್ಲಿ.

ಒಂದು ತಾಯಿ ಒಂದು ಸಲಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ಮೊಟ್ಟೆ ಒಡೆದು ಮೊದಲು ಬರೋದು ನಾಪ್ಲಿಯಸ್. ಅದು ಏನೂ ತಿನ್ನಲ್ಲ, ಮೈಯಲ್ಲಿರೋ ಮೊಟ್ಟೆಯ ಹಳದಿಯಲ್ಲೇ ಸುಮಾರು 2 ದಿನ ಕಳೆಯುತ್ತೆ. ಆಮೇಲೆ ಜೋಯಿಯಾ. ಇಲ್ಲಿ ಮೊದಲ ತುತ್ತು, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಆಮೇಲೆ ಮೈಸಿಸ್. ಇದು ತಲೆ ಕೆಳಗಾಗಿ ಹಿಂದಕ್ಕೆ ಈಜುತ್ತೆ, ಯೂಟ್ಯೂಬಲ್ಲಿ ಹುಡುಕಿ ನೋಡಿ, ಮಜಾ ಇದೆ. ಕೊನೆಗೆ ಪೋಸ್ಟ್ ಲಾರ್ವಾ, ವ್ಯಾಪಾರದ ಭಾಷೆಯಲ್ಲಿ ಪಿ.ಎಲ್. ಪಿ.ಎಲ್. ಆಗಿ 10-12 ದಿನ ಆದಮೇಲೆ, ಒಂದು ಸೆಂಟಿಮೀಟರ್ ಆಸುಪಾಸು ಇದ್ದಾಗ, ಪ್ಯಾಕ್ ಮಾಡಿ ಕಳಿಸ್ತಾರೆ. ಅಷ್ಟು ದಿನ ಕಾಯೋದಕ್ಕೂ ಕಾರಣ ಇದೆ. ಅಷ್ಟರಲ್ಲಿ ಕಿವಿರು ಸರಿಯಾಗಿ ಬೆಳೆದಿರುತ್ತೆ, ಉಪ್ಪಿನ ಏರಿಳಿತ ತಡ್ಕೊಳ್ಳೋ ಶಕ್ತಿ ಬರುತ್ತೆ.

ಈಗ ಆ ಮರಿಯ ಪ್ರಯಾಣ ಯೋಚನೆ ಮಾಡಿ. ಹ್ಯಾಚರಿ ಟ್ಯಾಂಕಲ್ಲಿ ಹದವಾದ ಬಿಸಿ, ಹದವಾದ ಉಪ್ಪು, ಹೊತ್ತಿಗೆ ಸರಿಯಾಗಿ ಊಟ. ಅಲ್ಲಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ, ಆಕ್ಸಿಜನ್ ತುಂಬಿ, ಡಬ್ಬಿಯಲ್ಲಿಟ್ಟು, ರಾತ್ರಿಯಿಡೀ ಗಾಡಿಯಲ್ಲಿ. ಘಟ್ಟ ಇಳಿದು ಬರುವಾಗ ಚೀಲದ ನೀರಲ್ಲಿ ಅದರದ್ದೇ ಹೊಲಸಿನ ಅಮೋನಿಯ ಸೇರ್ತಾ ಇರುತ್ತೆ. ಬೆಳಿಗ್ಗೆ ನಮ್ಮ ಹೊಂಡದ ನೀರು. ಉಪ್ಪು ಬೇರೆ, ಬಿಸಿ ಬೇರೆ, ಪಿ.ಎಚ್. ಬೇರೆ. ನಮ್ಮವರು ಚೀಲನ ನೀರಲ್ಲಿ ತೇಲಿಬಿಟ್ಟು, ಹೊಂಡದ ನೀರನ್ನ ಸ್ವಲ್ಪ ಸ್ವಲ್ಪ ಬೆರೆಸಿ ಒಗ್ಗಿಸ್ತಾರೆ ನಿಜ. ಆದ್ರೂ ಒಗ್ಗಬೇಕಾದ್ದು ಮರಿಯೇ ತಾನೆ?

ಹೊರಗೆ ಉಪ್ಪು ಬದಲಾದಾಗ ಒಳಗಿನ ಉಪ್ಪನ್ನ ಸರಿಯಾಗಿ ಇಟ್ಕೊಳ್ಳೋಕೆ ಕಿವಿರು ಪಂಪ್ ತರ ದುಡೀಬೇಕು. ಪಂಪ್ ಓಡೋಕೆ ಕರೆಂಟ್ ಬೇಕು. ಆ ಕರೆಂಟ್ ಬರೋದು ತಿಂದ ಊಟದಿಂದ. ಕರುಳು ಸರಿ ಇಲ್ಲದ ಮರಿ ಇಲ್ಲೇ ಸೋಲೋದು. ಅಂಥ ಮರಿ ಕರಾವಳಿಗೆ ಬಂದರೆ ಇನ್ನೂ ಕಷ್ಟ. ಬೇಸಿಗೆಯಲ್ಲಿ ಉಪ್ಪಾಗಿರೋ ಅಘನಾಶಿನಿ ಮಳೆಗಾಲಕ್ಕೆ ಸಿಹಿನೀರಿನ ಹೊಳೆ ಆಗಿಬಿಡುತ್ತೆ. ಮೇ ಕೊನೆಯಲ್ಲಿ ಎರಡು ದಿನ ಜಡಿಮಳೆ ಹಿಡಿದ್ರೆ ಸಾಕು, ಹೊಂಡದ ಮೇಲ್ನೀರಿನ ರುಚಿಯೇ ಬೇರೆ.

3/8

ಹಾಗಾದ್ರೆ ಮರಿ ಗಟ್ಟಿ ಮಾಡೋದು ಹೇಗೆ? ಇಲ್ಲಿ ಬರೋದು ಇವತ್ತಿನ ಹೀರೋ, ಪ್ರೊಬಯಾಟಿಕ್. ಮೊಸರಿನ ಜಾಹೀರಾತಲ್ಲಿ ಕೇಳಿದ್ದೀರಿ, ಅದೇ ಕುಟುಂಬ. ಒಳ್ಳೇದು ಮಾಡೋ ಬ್ಯಾಕ್ಟೀರಿಯಾನೋ ಈಸ್ಟನ್ನೋ ಬೇಕಂತಲೇ ಆಹಾರದಲ್ಲಿ ಅಥವಾ ನೀರಲ್ಲಿ ಸೇರಿಸೋದು.

ಹ್ಯಾಚರಿ ಟ್ಯಾಂಕ್ ಅಂದ್ರೆ ಬೆಚ್ಚಗಿನ ಉಪ್ಪುನೀರು, ಲಕ್ಷಗಟ್ಟಲೆ ಮರಿ, ಮಿಕ್ಕಿದ ಆಹಾರ. ವಿಬ್ರಿಯೊ ಅನ್ನೋ ಬ್ಯಾಕ್ಟೀರಿಯಾಗಳಿಗೆ ಇದು ಕರೆಯದೇ ಬರೋ ಮದುವೆ ಊಟ. ಇವುಗಳಲ್ಲಿ ವಿಬ್ರಿಯೊ ಹಾರ್ವೇಯಿ ಅಂತ ಒಂದಿದೆ, ಅದು ಹೆಚ್ಚಾದ್ರೆ ರಾತ್ರಿ ಟ್ಯಾಂಕೇ ಹೊಳೆಯುತ್ತೆ. ಫೋಟೋಗೆ ಚೆಂದ, ಮಾಲೀಕನಿಗೆ ಅವತ್ತು ನಿದ್ದೆ ಇಲ್ಲ.

ನಮಗಾದ್ರೆ ಲಸಿಕೆ ಇದೆ. ಸಿಗಡಿಗೆ ನಮ್ಮ ಹಾಗೆ ಆಂಟಿಬಾಡಿ ಮಾಡೋ ವ್ಯವಸ್ಥೆಯೇ ಇಲ್ಲ, ಹುಟ್ಟಿನಿಂದ ಬಂದ ಸಾಮಾನ್ಯ ರಕ್ಷಣೆ ಮಾತ್ರ. ಅದಕ್ಕೇ ಹಳೇ ಕಾಲದ ಹ್ಯಾಚರಿಗಳು ಹಿಡಿದ ಸುಲಭ ದಾರಿ ಆಂಟಿಬಯೋಟಿಕ್. ಅದು ಕೊಂದಿದ್ದೇನೋ ಹೌದು, ಒಳ್ಳೇದು ಕೆಟ್ಟದ್ದು ನೋಡದೆ ಎಲ್ಲಾನೂ. ಖಾಲಿಯಾದ ಜಾಗಕ್ಕೆ ಮೊದಲು ಓಡಿ ಬರೋದು ಬೇಗ ಬೆಳೆಯೋ ವಿಬ್ರಿಯೊನೇ. ಬಂದವುಗಳಲ್ಲಿ ಕೆಲವು ಆ ಔಷಧಕ್ಕೆ ಜಗ್ಗದ ಜಾತಿ ಬೇರೆ.

ಪ್ರೊಬಯಾಟಿಕ್ ಮಾಡೋ ಕೆಲಸನ ನಿಮಗೆ ಒಂದೇ ಮಾತಲ್ಲಿ ಹೇಳ್ತೀನಿ: ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋದು. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಮರಿಯ ಕರುಳಲ್ಲಿ ಮೊದಲೇ ಕೂತುಬಿಟ್ರೆ ವಿಬ್ರಿಯೊ ನಿಂತೇ ಪ್ರಯಾಣ ಮಾಡಬೇಕು. ಇಷ್ಟೇ ಅಲ್ಲ. ವಿಬ್ರಿಯೊಗಳು ದಾಳಿ ಮಾಡೋ ಮುಂಚೆ ರಾಸಾಯನಿಕ ಸಂಕೇತ ಕಳಿಸಿಕೊಂಡು "ನಾವೆಷ್ಟು ಜನ ಆದ್ವಿ" ಅಂತ ಲೆಕ್ಕ ಹಾಕ್ತವೆ, ಒಂಥರಾ ವಾಟ್ಸಾಪ್ ಗ್ರೂಪ್. ಕೆಲವು ಬ್ಯಾಸಿಲಸ್ ತಳಿಗಳು ಆ ಸಂಕೇತನ ಒಡೆಯೋ ಕಿಣ್ವ ಬಿಡ್ತವೆ. ಮೆಸೇಜ್ ಡಿಲೀಟ್, ದಾಳಿ ಕ್ಯಾನ್ಸಲ್. ಜೊತೆಗೆ ಪ್ರೋಟೀನ್, ಪಿಷ್ಟ, ಕೊಬ್ಬು ಒಡೆಯೋ ಕಿಣ್ವಗಳನ್ನೂ ಕೊಟ್ಟು ಜೀರ್ಣಕ್ಕೆ ಸಹಾಯ ಮಾಡ್ತವೆ. ನನ್ನ ಪ್ರಕಾರ ಒತ್ತಡ ತಡೆಯೋ ವಿಷಯದಲ್ಲಿ ಇದೇ ಮುಖ್ಯ. ಮೇಲೆ ಹೇಳಿದ ಪಂಪಿಗೆ ಕರೆಂಟ್ ಸಿಗೋದು ಇಲ್ಲಿಂದ.

ಆದ್ರೆ ಯಾವಾಗ ಕೊಡ್ತೀರಿ ಅನ್ನೋದು ದೊಡ್ಡ ವಿಷಯ. ಬಸ್ಸು ತುಂಬಿದ ಮೇಲೆ ಟವೆಲ್ ಹಾಕಿದ್ರೆ ಬೈಸ್ಕೋತೀರಿ. ಸರಿಯಾದ ಹೊತ್ತು ಜೋಯಿಯಾ ಮೊದಲ ತುತ್ತು ತಿನ್ನುವಾಗ, ನೀರಿಗೆ ಹಾಕಬೇಕು. ಮುಂದೆ ಮರಿ ಆರ್ಟೀಮಿಯಾ ತಿನ್ನೋಕೆ ಶುರು ಮಾಡಿದಾಗ ಅದರ ಹೊಟ್ಟೆಯಲ್ಲಿ ತುಂಬಿಸಿ ಕೊಡಬಹುದು. ಆರ್ಟೀಮಿಯಾ ಅಂದ್ರೆ ಉಪ್ಪಿನ ಸರೋವರಗಳಲ್ಲಿ ಬೆಳೆಯೋ ಪುಟಾಣಿ ಜೀವಿ. ಅದರ ಒಣ ಮೊಟ್ಟೆ ಡಬ್ಬಿಯಲ್ಲಿ ಬರುತ್ತೆ, ಉಪ್ಪುನೀರಲ್ಲಿ ಹಾಕಿದ್ರೆ ಸುಮಾರು ಒಂದು ದಿನದಲ್ಲಿ ಮರಿ. ಇದು ಟಿಫಿನ್ ಕ್ಯಾರಿಯರ್ ಇದ್ದ ಹಾಗೆ, ಒಳಗೆ ಬ್ಯಾಸಿಲಸ್ ತುಂಬಿ ಸಿಗಡಿ ಮರಿಗೆ ಬಡಿಸೋದು. ಇಲ್ಲೂ ಒಂದು ಕಿತಾಪತಿ ಇದೆ. ಆರ್ಟೀಮಿಯಾ ಹುಟ್ಟಿದ ತಕ್ಷಣ ಏನೂ ತಿನ್ನಲ್ಲ. ಕೆಲವು ಗಂಟೆ ಕಳೆದು, ಒಂದು ಸಲ ಪೊರೆ ಬಿಟ್ಟ ಮೇಲೆ ತಿನ್ನೋಕೆ ಶುರು. ಅದಕ್ಕೂ ಮೊದಲೇ ಪುಡಿ ಸುರಿದ್ರೆ ಟಿಫಿನ್ ಡಬ್ಬಿ ಖಾಲಿ. ಅವಸರದಲ್ಲಿ ಕೆಲಸ ಮಾಡೋ ಕಡೆ ದುಡ್ಡು ಹೋಗೋದು ಇಂಥ ಸಣ್ಣ ವಿಷಯದಲ್ಲೇ.

4/8

"ಇದೆಲ್ಲ ಥಿಯರಿ, ಪ್ರೂಫ್ ಎಲ್ಲಿ" ಅಂತ ಕಮೆಂಟ್ ಬರುತ್ತೆ ಅಂತ ಗೊತ್ತು. ಎರಡು ಉದಾಹರಣೆ ಕೊಡ್ತೀನಿ.

ಈಕ್ವೆಡಾರ್. ವನ್ನಾಮೈಯ ತವರು ತೀರ. 1990ರ ದಶಕದ ಶುರುವಿನಲ್ಲಿ ಅಲ್ಲಿನ ಹ್ಯಾಚರಿಗಳು ಪ್ರೊಬಯಾಟಿಕ್ ಬಳಕೆಗೆ ಇಳಿದವು. ಆಗ ವರದಿಯಾದ ಲೆಕ್ಕ ಇದು: ರೋಗದಿಂದ ಟ್ಯಾಂಕ್ ಖಾಲಿ ಮಾಡಿ ಹ್ಯಾಚರಿ ಮುಚ್ಚಿಡ್ತಿದ್ದದ್ದು ತಿಂಗಳಿಗೆ ಸುಮಾರು 7 ದಿನ ಇತ್ತು, ಅದು ವರ್ಷಕ್ಕೆ 21 ದಿನಕ್ಕಿಂತ ಕಡಿಮೆಗೆ ಇಳೀತು. ಉತ್ಪಾದನೆ 35% ಏರಿತು. 1991ರಿಂದ 1994ರ ನಡುವೆ ಆಂಟಿಬಯೋಟಿಕ್ ಬಳಕೆ 94% ಕಡಿಮೆಯಾಯ್ತು. ಬಿಕಾಂ ಕಣ್ಣಲ್ಲಿ ನೋಡಿ. ತಿಂಗಳಿಗೆ 7 ದಿನ ಅಂದ್ರೆ ವರ್ಷಕ್ಕೆ 84 ದಿನ ಐಡಲ್ ಟೈಮ್. ಬಾಡಿಗೆ, ಸಂಬಳ, ಬಡ್ಡಿ ಎಲ್ಲ ಓಡ್ತಾನೇ ಇರುತ್ತೆ, ಮಾಲು ಮಾತ್ರ ಇಲ್ಲ. ಅಲ್ಲಿ ಉಳಿದ ದೊಡ್ಡ ದುಡ್ಡು ಆ 63 ದಿನದ್ದು, ಔಷಧದ ಬಿಲ್ಲು ಸಣ್ಣದು. ಇನ್ನೊಂದು ತಮಾಷೆ ಅಂದ್ರೆ ಅವರು ಬಳಸಿದ್ದು ವಿಬ್ರಿಯೊ ಕುಟುಂಬದ್ದೇ ಒಂದು ಸಾಧು ತಳಿ, ವಿಬ್ರಿಯೊ ಆಲ್ಜಿನೊಲಿಟಿಕಸ್. ಮುಳ್ಳನ್ನ ಮುಳ್ಳಿಂದಲೇ ತೆಗೆದ್ರು.

ಇನ್ನೊಂದು ತೈವಾನ್‌ದು. ಅಲ್ಲಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ವನ್ನಾಮೈ ಲಾರ್ವಾ ಬೆಳೆಯೋ ನೀರಿಗೆ ಬ್ಯಾಸಿಲಸ್ ಸಬ್ಟಿಲಿಸ್‌ನ ಒಂದು ತಳಿ ಹಾಕಿ, ಬದುಕಿ ಉಳಿಯೋದು, ಒತ್ತಡ ತಡೆಯೋದು, ರೋಗ ತಡೆಯೋ ಶಕ್ತಿ ಎಲ್ಲ ಅಳೆದ್ರು. ಫಲಿತಾಂಶ ಪ್ರೊಬಯಾಟಿಕ್ ಪರವಾಗಿ ಬಂತು. ಆ ತಳಿ ಸಿಕ್ಕಿದ್ದು ಎಲ್ಲಿ ಗೊತ್ತಾ? ನಾಟೊ ಅಂತ ಜಪಾನಿಯರು ತಿನ್ನೋ ಹುದುಗಿಸಿದ ಸೋಯಾ ಕಾಳಿನಲ್ಲಿ. ನಮ್ಮ ಮನೆಯ ದೋಸೆ ಹಿಟ್ಟಲ್ಲಿ ಏನೇನಿದ್ಯೋ ಅಂತ ನನಗೆ ಅವತ್ತಿಂದ ಕುತೂಹಲ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಮೇಲೆ ಬರಬೇಡಿ. ಪ್ರೊಬಯಾಟಿಕ್ ವೈಟ್ ಸ್ಪಾಟ್ ವೈರಸ್ಸಿಗೆ ಔಷಧ ಅಲ್ಲ. 1990ರ ದಶಕದ ಮಧ್ಯದಲ್ಲಿ ಭಾರತದ ಸಿಗಡಿ ಹೊಂಡಗಳನ್ನ ಮಲಗಿಸಿದ ಆ ವೈರಸ್ಸಿಗೆ ಇವತ್ತಿಗೂ ಮದ್ದಿಲ್ಲ. ಅದಕ್ಕೆ ಪಿ.ಸಿ.ಆರ್. ಟೆಸ್ಟ್ ಮಾಡಿಸಿದ ಮರಿಯೇ ಬೇಕು. ಸೋಂಕು ಇಲ್ಲದ ಮರಿ ಅನ್ನೋದು ಒಂದು ಪ್ರಶ್ನೆ, ಗಟ್ಟಿ ಮರಿ ಅನ್ನೋದು ಇನ್ನೊಂದು. ಎರಡನ್ನೂ ಕೇಳಬೇಕು, ನಮ್ಮವರು ಮೊದಲನೇದು ಕೇಳಿ ಸುಮ್ಮನಾಗ್ತಾರೆ.

5/8

ಈಗ ನನ್ನ ಸಿಟ್ಟಿನ ಭಾಗ.

ಪ್ರೊಬಯಾಟಿಕ್ ಒಳ್ಳೇದು ಅಂತ ಗೊತ್ತಾದ ತಕ್ಷಣ ಮಾರ್ಕೆಟ್ ಏನು ಮಾಡ್ತು? ಪ್ಯಾಕೆಟ್ ಮಾಡಿ ರೈತರ ಕೈಗೆ ಕೊಡ್ತು. ಚಿಕ್ಕಪ್ಪನ ಶೆಡ್ಡಲ್ಲಿ ಹೋಗಿ ನೋಡಿದ್ರೆ ಬಣ್ಣಬಣ್ಣದ ಪೊಟ್ಟಣ, ಮೇಲೆ ಕುಣಿಯೋ ಸಿಗಡಿ ಚಿತ್ರ. ಹೋದ ವರ್ಷ ಮರಿ ಬಿಟ್ಟು ಮೂರನೇ ದಿನಕ್ಕೆ ಅಂಚಿನಲ್ಲಿ ಸತ್ತ ಮರಿ ಕಂಡಾಗ, ಒಬ್ಬ ಸೇಲ್ಸ್‌ನವರು ಬಂದು "ಸರ್, ಇದನ್ನ ಬೆಲ್ಲದ ನೀರಲ್ಲಿ ಕಲಸಿ ಹಾಕಿ, ಸ್ಟ್ರೆಸ್ಸೆಲ್ಲ ಹೋಗ್ತದೆ" ಅಂತ ಹೇಳಿ ಮೂರು ಪ್ಯಾಕೆಟ್ ಕೊಟ್ಟು ಹೋದ್ರು. ಸತ್ತ ಮರಿಗೆ ಎಂಥಾ ಸ್ಟ್ರೆಸ್ ಮಾರಾಯ್ರೆ?

ಪೊಟ್ಟಣದ ಹಿಂದೆ ಓದಿ. "ಬ್ಯಾಸಿಲಸ್ ಸಬ್ಟಿಲಿಸ್, ಲ್ಯಾಕ್ಟೋಬ್ಯಾಸಿಲಸ್, ಈಸ್ಟ್" ಅಂತಿರುತ್ತೆ. ತಳಿ ಯಾವುದು ಅಂತ ಇರಲ್ಲ. ಇದು ಕುಮಟಾ ಬಸ್‌ಸ್ಟ್ಯಾಂಡಲ್ಲಿ ನಿಂತು "ನಾಯ್ಕರ ಮನೆ ಎಲ್ಲಿ" ಅಂತ ಕೇಳಿದ ಹಾಗೆ. ಯಾವ ನಾಯ್ಕರು? ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲಿ ಒಂದು ತಳಿ ಕೆಲಸ ಮಾಡುತ್ತೆ, ಅದರ ಪಕ್ಕದ್ದು ಸುಮ್ಮನೆ ಕೂತಿರುತ್ತೆ. ತೈವಾನ್‌ನಲ್ಲಿ ಗೆದ್ದ ತಳಿಯ ಫಲಿತಾಂಶ ತೋರಿಸಿ ಹುಬ್ಬಳ್ಳಿ ಗೋಡೌನಿನ ಪುಡಿ ಮಾರೋ ಹಾಗಿಲ್ಲ. ಇನ್ನು ಗ್ರಾಂಗೆ ಇಷ್ಟು ಕೋಟಿ ಜೀವಂತ ಕಣ ಅಂತ ಬರೆದಿರ್ತಾರೆ. ಅದು ತಯಾರಾದ ದಿನದ ಲೆಕ್ಕವೋ, ಬಿಸಿಲಿಗೆ ಕಾದ ತಗಡಿನ ಶೆಡ್ಡಲ್ಲಿ ನಾಲ್ಕು ತಿಂಗಳು ಕೂತ ಮೇಲಿನ ಲೆಕ್ಕವೋ? ಬ್ಯಾಸಿಲಸ್ ಬೀಜಕಣ ಮಾಡ್ಕೊಂಡು ಬಿಸಿ ತಡೆಯುತ್ತೆ, ಅದಕ್ಕೇ ಕಂಪನಿಗಳಿಗೆ ಅದು ಇಷ್ಟ. ಲ್ಯಾಕ್ಟೋಬ್ಯಾಸಿಲಸ್‌ಗೆ ಆ ಭಾಗ್ಯ ಇಲ್ಲ.

"ಸರ್ಟಿಫಿಕೇಟ್ ಇದೆಯಲ್ಲ" ಅಂತಾರೆ. ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿ ಕೊಡೋ ಪ್ರಮಾಣಪತ್ರ ಹೇಳೋದು ಇದರಲ್ಲಿ ನಿಷೇಧಿತ ಆಂಟಿಬಯೋಟಿಕ್ ಇಲ್ಲ ಅಂತ. ಅದು ತುಂಬಾ ಮುಖ್ಯ, ಯಾಕಂದ್ರೆ ಆಂಟಿಬಯೋಟಿಕ್ ಅಂಶ ಸಿಕ್ಕಿ ನಮ್ಮ ಸಿಗಡಿ ಹೊರದೇಶದ ಬಂದರಿಂದ ವಾಪಸ್ ಬಂದದ್ದು ಹಲವು ಸಲ. ಆದ್ರೆ "ವಿಷ ಇಲ್ಲ" ಅನ್ನೋದು ಬೇರೆ, "ಮರಿ ಗಟ್ಟಿಯಾಗುತ್ತೆ" ಅನ್ನೋದು ಬೇರೆ.

ಒಟ್ಟು ನನ್ನ ವಾದ ಇಷ್ಟು: ಮರಿ ಗಟ್ಟಿ ಮಾಡೋ ಪ್ರೊಬಯಾಟಿಕ್‌ನ ಜಾಗ ಹ್ಯಾಚರಿ ಟ್ಯಾಂಕ್. ಅಲ್ಲಿ ನೀರು ಕಡಿಮೆ, ಮರಿಯ ಕರುಳು ಇನ್ನೂ ಖಾಲಿ, ಡೋಸ್ ನಿಖರ. ಅದೇ ಪುಡಿನ ಎಕರೆಗಟ್ಟಲೆ ಹೊಂಡಕ್ಕೆ ಎರಚಿದ್ರೆ ಅದು ತಳದ ಕೊಳೆ ಕರಗಿಸೋಕೆ ಉಪಯೋಗ ಆದೀತು, ಮೊದಲ ವಾರದಲ್ಲಿ ಸಾಯೋ ಮರಿನ ಉಳಿಸಲ್ಲ. ಹ್ಯಾಚರಿಯಲ್ಲಿ ಆಗಬೇಕಾದ ಖರ್ಚನ್ನ ರೈತನ ಪಟ್ಟಿಗೆ ದಾಟಿಸಿಬಿಟ್ಟಿದ್ದಾರೆ.

6/8

ಲೆಕ್ಕ ಮಾಡೋಣ. ಈ ಅಂಕಿಗಳು ಉದಾಹರಣೆಗೆ ನಾನು ಇಟ್ಟಿದ್ದು, ನಿಮ್ಮೂರಿನ ರೇಟ್ ಹಾಕಿ ನೀವೇ ಮಾಡಿ ನೋಡಿ.

ಅಗ್ಗದ ಮರಿ ಒಂದಕ್ಕೆ 40 ಪೈಸೆ, 1 ಲಕ್ಷಕ್ಕೆ ₹40,000. ಉಳಿದದ್ದು 50 ಸಾವಿರ. ಬದುಕಿದ ಒಂದು ಮರಿಗೆ ಬಿದ್ದ ಬೆಲೆ 80 ಪೈಸೆ.
ಗಟ್ಟಿ ಮರಿ ಒಂದಕ್ಕೆ 50 ಪೈಸೆ, 1 ಲಕ್ಷಕ್ಕೆ ₹50,000. ಉಳಿದದ್ದು 80 ಸಾವಿರ. ಬದುಕಿದ ಒಂದಕ್ಕೆ ಬಿದ್ದದ್ದು 62.5 ಪೈಸೆ.

ದುಬಾರಿ ಮರಿಯೇ ಅಗ್ಗ. ಇದು ಹೈಸ್ಕೂಲ್ ಲೆಕ್ಕ, ಇಲ್ಲಿಗೆ ಮುಗಿದ್ರೆ ನಾನು ಬರೀತಾನೇ ಇರಲಿಲ್ಲ. ನಿಜವಾದ ಪೆಟ್ಟು ಫೀಡಲ್ಲಿದೆ. ಸಿಗಡಿ ಹೊಂಡದ ಖರ್ಚಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಅದಕ್ಕಿಂತ ಜಾಸ್ತಿ, ಫೀಡಿಗೇ ಹೋಗುತ್ತೆ. ಮೊದಲ ತಿಂಗಳು ಮರಿ ಎಷ್ಟಿದೆ ಅಂತ ಬಲೆ ಹಾಕಿ ನೋಡೋಕೆ ಆಗಲ್ಲ, ತುಂಬಾ ಸಣ್ಣದು. ಹಾಗಾಗಿ ಬಿಟ್ಟ ಮರಿಯ ಲೆಕ್ಕ ಇಟ್ಕೊಂಡು ಚಾರ್ಟ್ ನೋಡಿ ಹಾಕ್ತಾರೆ. ಅದಕ್ಕೆ ಬ್ಲೈಂಡ್ ಫೀಡಿಂಗ್ ಅಂತಲೇ ಹೆಸರು, ಕಣ್ಣು ಕಟ್ಟಿಕೊಂಡು ಬಡಿಸೋದು.

ಈಗ ಯೋಚನೆ ಮಾಡಿ. ಚಾರ್ಟ್ ಪ್ರಕಾರ 80 ಸಾವಿರಕ್ಕೆ ಊಟ. ಹೊಂಡದಲ್ಲಿ ಇರೋದು 50 ಸಾವಿರ. 30 ಸಾವಿರ ಎಲೆಯ ಊಟ ದಿನಾ ತಳಕ್ಕೆ. ಅದು ಕೊಳೆತು ಅಮೋನಿಯ. ಅಮೋನಿಯ ಉಳಿದ ಮರಿಗೂ ಒತ್ತಡ. ಕೊಳೆ ಹೆಚ್ಚಾದ್ರೆ ವಿಬ್ರಿಯೊಗೆ ಹಬ್ಬ. ಆಗ ಏರೇಟರ್ ಜಾಸ್ತಿ ಹೊತ್ತು ಓಡಿಸ್ಬೇಕು, ಡೀಸೆಲ್ಲೋ ಕರೆಂಟೋ. ಆಗ ಮತ್ತೆ ಆ ಬಣ್ಣದ ಪೊಟ್ಟಣ. ಮೊದಲ ಮೂರು ದಿನದ ಸಾವು ಮೂರು ತಿಂಗಳ ಖರ್ಚಿನ ಪ್ರತಿ ಸಾಲಲ್ಲೂ ಅಡಗಿ ಕೂತಿದೆ. ಚಿಕ್ಕಪ್ಪನ ನೋಟ್‌ಬುಕ್ಕಲ್ಲಿ "ಮರಿ" ಅಂತ ಒಂದೇ ಸಾಲು, ₹40,000. ಉಳಿದದ್ದೆಲ್ಲ ಫೀಡ್, ಡೀಸೆಲ್, ಔಷಧ ಅಂತ ಬೇರೆ ಬೇರೆ ಹೆಸರಲ್ಲಿ.

7/8

ಹಾಗಾದ್ರೆ ಹ್ಯಾಚರಿಯವರು ಯಾಕೆ ಗಟ್ಟಿ ಮರಿ ಮಾಡಲ್ಲ? ಕೆಟ್ಟವರು ಅಂತ ಅಲ್ಲ. ಮಾಡಿದ್ರೆ ಅದಕ್ಕೆ ಬೆಲೆ ಸಿಗಲ್ಲ, ಅಷ್ಟೇ.

1970ರಲ್ಲಿ ಜಾರ್ಜ್ ಅಕೆರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು ಹಳೇ ಕಾರಿನ ಮಾರ್ಕೆಟ್ ಬಗ್ಗೆ ಒಂದು ಲೇಖನ ಬರೆದ್ರು, 2001ರಲ್ಲಿ ನೊಬೆಲ್ ಹಂಚಿಕೊಂಡ್ರು. ಕಾರು ಒಳ್ಳೇದಾ ಕೆಟ್ಟದ್ದಾ ಅಂತ ಮಾರೋನಿಗೆ ಗೊತ್ತು, ಕೊಳ್ಳೋನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳೋನು ಎಲ್ಲದಕ್ಕೂ ಮಧ್ಯದ ರೇಟ್ ಹೇಳ್ತಾನೆ. ಆ ರೇಟಿಗೆ ಒಳ್ಳೇ ಕಾರು ಕೊಡೋಕೆ ಮನಸ್ಸಾಗದೆ ಅದರ ಮಾಲೀಕ ಮಾರ್ಕೆಟ್ಟೇ ಬಿಡ್ತಾನೆ. ಉಳಿಯೋದು ಡಕೋಟಾ. ಸಿಗಡಿ ಮರಿ ಥೇಟ್ ಹಾಗೇ. ಚೀಲದಲ್ಲಿ ಎಲ್ಲಾ ಮರಿಯೂ ಒಂದೇ ತರ ಮಿಣಿಮಿಣಿ ಅನ್ನುತ್ತೆ. ಜೋಯಿಯಾ ಹಂತದಿಂದ ಒಳ್ಳೇ ಪ್ರೊಬಯಾಟಿಕ್ ಕೊಟ್ಟು ಸಾಕಿದ ಹ್ಯಾಚರಿ 50 ಪೈಸೆ ಕೇಳಿದ್ರೆ, ಪಕ್ಕದವನು 40 ಅಂತಾನೆ. ರೈತ ಯಾವುದನ್ನ ತಗೋತಾನೆ?

ಇದಕ್ಕೆ ಮಾರ್ಕೆಟ್ ಕಂಡುಕೊಂಡ ಉಪಾಯ "ಬೋನಸ್". ಲಕ್ಷ ಮರಿ ಕೊಂಡ್ರೆ ಮೇಲೆ ಇಷ್ಟು ಸಾವಿರ ಫ್ರೀ. ನಮ್ಮವರಿಗೆ ಖುಷಿಯೋ ಖುಷಿ. ಆದ್ರೆ ಬೋನಸ್ ಅಂದ್ರೇನು? "ಸ್ವಲ್ಪ ಸಾಯುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋದನ್ನ ಚೆಂದ ಮಾಡಿ ಹೇಳೋದು. ಸಾವಿನ ಲೆಕ್ಕ ಕೇಳಬೇಕಾದ ಕಡೆ ನಾವು ಥ್ಯಾಂಕ್ಸ್ ಹೇಳಿ ಬರ್ತೀವಿ. ಅದೇ ಚೀಲಕ್ಕೆ ಹೆಚ್ಚು ಮರಿ ತುಂಬಿದ್ರೆ ಇರೋ ಆಕ್ಸಿಜನ್ನಿಗೆ ಹೆಚ್ಚು ಬಾಯಿ. ಬೋನಸ್ಸೇ ಒತ್ತಡ.

ಇದನ್ನ ಒಡೆಯೋ ಕೀಲಿ ಈಗಾಗಲೇ ಇದೆ, ಹೆಸರು ಸ್ಟ್ರೆಸ್ ಟೆಸ್ಟ್. ಬ್ಯಾಂಕಿಂಗ್ ಪೇಪರಿನದ್ದಲ್ಲ. ಟ್ಯಾಂಕಿಂದ ಒಂದಷ್ಟು ಮರಿ ಎಣಿಸಿ ತೆಗೆದು, ಉಪ್ಪಿನಂಶ ಹಠಾತ್ತಾಗಿ ಇಳಿಸಿದ ನೀರಿಗೆ ಹಾಕೋದು. ಅರ್ಧ ಗಂಟೆ ಬಿಟ್ಟು ವಾಪಸ್ ಹಳೇ ನೀರಿಗೆ. ಇನ್ನೊಂದು ಅರ್ಧ ಗಂಟೆ ಬಿಟ್ಟು ಎಷ್ಟು ಓಡಾಡ್ತಿದೆ ಅಂತ ಎಣಿಸೋದು. ಬೇಕಾದ್ದು ಒಂದು ಬಕೆಟ್, ಉಪ್ಪು ಅಳೆಯೋ ರಿಫ್ರಾಕ್ಟೋಮೀಟರ್, ಒಂದು ಬಿಳಿ ಬೇಸಿನ್, ತಾಳ್ಮೆ. ಒಳ್ಳೇ ಹ್ಯಾಚರಿಗಳು ಇದನ್ನ ಮಾಡ್ತಾವೆ. ಆದ್ರೆ ಆ ನಂಬರ್ ಹ್ಯಾಚರಿಯ ರಿಜಿಸ್ಟರಲ್ಲಿ ಉಳಿಯುತ್ತೆ, ಬಿಲ್ಲಿಗೆ ಬರಲ್ಲ.

ಬರಬೇಕು. ಬಿಲ್ಲಲ್ಲಿ "ಮರಿ 1,00,000" ಅನ್ನೋದರ ಪಕ್ಕದಲ್ಲೇ "ಸ್ಟ್ರೆಸ್ ಟೆಸ್ಟ್ ಪಾಸ್ ಇಷ್ಟು ಪರ್ಸೆಂಟ್" ಅಂತ ಇರಬೇಕು, ರೇಟು ಅದರ ಮೇಲೆ ನಿಲ್ಲಬೇಕು. ಆಗ ಪ್ರೊಬಯಾಟಿಕ್ ಯಾವ ಕಂಪನಿದು, ತಳಿ ಯಾವುದು ಅಂತ ರೈತ ತಲೆ ಕೆಡಿಸ್ಕೋಬೇಕಾಗಿಲ್ಲ. ಕೆಲಸ ಮಾಡದ ಪುಡಿನ ಹ್ಯಾಚರಿಯವನೇ ಎಸೀತಾನೆ, ಯಾಕಂದ್ರೆ ನಷ್ಟ ಈಗ ಅವನದ್ದು.

8/8

ಈ ಡ್ರಾಫ್ಟ್ ಓದಿದ ನಾಲ್ಕು ಜನ ನಾಲ್ಕು ತಕರಾರು ತೆಗೆದ್ರು. ಎರಡಕ್ಕೆ ಮಾತ್ರ ಉತ್ತರ ಕೊಡ್ತೀನಿ, ಉಳಿದೆರಡು ನನ್ನ ಸ್ಪೆಲ್ಲಿಂಗ್ ಬಗ್ಗೆ.

ಒಂದು, "ಎರಡು ಹೊಂಡದ ರೈತ ಆಂಧ್ರದ ಹ್ಯಾಚರಿಗೆ ಷರತ್ತು ಹಾಕೋಕೆ ಆಗುತ್ತಾ?" ಒಬ್ಬನಿಂದ ಆಗಲ್ಲ, ಒಪ್ಪಿದೆ. ಆದ್ರೆ ಗಜನಿಯಲ್ಲಿ ಯಾರೂ ಒಬ್ಬರೇ ಮರಿ ತರಿಸಲ್ಲ. ಬಾಡಿಗೆ ಉಳಿಸೋಕೆ ಆರೇಳು ಜನ ಸೇರಿ ಒಂದೇ ಗಾಡಿಯಲ್ಲಿ ತರಿಸ್ತಾರೆ. ಗಾಡಿ ಹಂಚಿಕೊಳ್ಳೋರು ಷರತ್ತನ್ನೂ ಹಂಚಿಕೊಳ್ಳಬಹುದು. ಪ್ಯಾಕ್ ಮಾಡೋ ಮುಂಚೆ ವಿಡಿಯೋ ಕಾಲಲ್ಲಿ ಟೆಸ್ಟ್ ತೋರಿಸಿ ಅಂತ ಆರ್ಡರ್ ಕೊಡುವಾಗಲೇ ಹೇಳಬೇಕು, ಅಡ್ವಾನ್ಸ್ ಹಾಕೋ ಮೊದಲು. ಹೊಂಡದ ಉಪ್ಪಿನಂಶ ಫೋನ್ ಮಾಡಿ ತಿಳಿಸಿದ್ರೆ ಹ್ಯಾಚರಿಯವರು ಎರಡು ಮೂರು ದಿನ ಮೊದಲೇ ಟ್ಯಾಂಕಿನ ಉಪ್ಪನ್ನ ಆ ಮಟ್ಟಕ್ಕೆ ನಿಧಾನಕ್ಕೆ ತರ್ತಾರೆ, ಅದೂ ಎಷ್ಟೋ ಜನ ಕೇಳೋದೇ ಇಲ್ಲ. ಮರಿ ಬಂದ ದಿನ 100 ಮರಿ ಎಣಿಸಿ ಒಂದು ಹಾಪಾದಲ್ಲಿ, ಅಂದ್ರೆ ಸಣ್ಣ ಕಣ್ಣಿನ ಬಲೆಯ ಗೂಡಲ್ಲಿ, ಅದೇ ಹೊಂಡದಲ್ಲಿ ಬಿಡಬೇಕು. 48 ಗಂಟೆ ಬಿಟ್ಟು ಎಣಿಸಬೇಕು. 92 ಇದೆಯಾ, 55 ಇದೆಯಾ? ಆ ನಂಬರ್ ಸಿಕ್ಕ ಮೇಲೆ ಫೀಡ್ ಚಾರ್ಟ್ ಕಣ್ಣು ಕಟ್ಟಿಕೊಂಡು ನೋಡಬೇಕಾಗಿಲ್ಲ. ಮತ್ತೆ ಹ್ಯಾಚರಿ ಜೊತೆ ಮಾತಾಡೋಕೆ ಕೈಯಲ್ಲಿ ಒಂದು ಲೆಕ್ಕ ಇರುತ್ತೆ. ಸರಿಯಾಗಿ ಒಗ್ಗಿಸದೇ ಬಿಟ್ಟು ಸತ್ತರೆ ಅದು ರೈತನ ತಪ್ಪು, ಅದನ್ನೂ ಇದೇ ಬಲೆಗೂಡು ಹೇಳುತ್ತೆ. ಒಂದೇ ಗಾಡಿಯ ಮರಿ ಆರು ಹೊಂಡದಲ್ಲಿ ಉಳಿದು ಒಂದರಲ್ಲಿ ಮಾತ್ರ ಸತ್ತರೆ ಹ್ಯಾಚರಿಗೆ ಬೈದು ಏನು ಪ್ರಯೋಜನ?

ಇನ್ನೊಂದು, ಬಿ.ಎಸ್ಸಿ. ಗೆಳತಿ ಕೇಳಿದ್ದು, ಇದು ಸ್ವಲ್ಪ ಚುಚ್ಚಿತು: "ಕಗ್ಗ ಭತ್ತ ಬೆಳೀತಿದ್ದ ಗಜನಿಯನ್ನ ಸಿಗಡಿ ಹೊಂಡ ಮಾಡಿದ್ದೇ ತಪ್ಪು, ನೀನು ಅದಕ್ಕೆ ಲಾಭದ ದಾರಿ ಹೇಳ್ತಿದ್ದೀಯಾ?" ಅವಳ ಮಾತಲ್ಲಿ ಸತ್ಯ ಇದೆ. ಉಪ್ಪುನೀರಲ್ಲೂ ಎದ್ದು ನಿಲ್ಲೋ ಕಗ್ಗ ತಳಿಯನ್ನ ನಮ್ಮಜ್ಜಂದಿರು ಯಾವ ಪ್ಯಾಕೆಟ್ ಇಲ್ಲದೆ ಕಾಪಾಡಿಕೊಂಡು ಬಂದ್ರು. ಮಳೆಗಾಲಕ್ಕೆ ಭತ್ತ, ಆಮೇಲೆ ಮೀನು ಸಿಗಡಿ ಅನ್ನೋ ಹಳೇ ಕ್ರಮವೇ ನನಗೂ ಇಷ್ಟ. ಆದ್ರೆ ಈಗ ಹೊಂಡ ಇದೆ, ಸೊಸೈಟಿಯಲ್ಲಿ ಸಾಲ ಇದೆ, ಚಿಕ್ಕಪ್ಪನ ಮಗಳ ಫೀಸ್ ಇದೆ. ಅರ್ಧ ಮರಿ ಸಾಯೋ ಹೊಂಡ ಹೊಳೆಗೆ ಬಿಡೋ ಕೊಳೆಯೇ ಜಾಸ್ತಿ, ತಿನ್ನದೇ ಉಳಿದ ಫೀಡೆಲ್ಲ ಕೊನೆಗೆ ಸೇರೋದು ಅಘನಾಶಿನಿಗೆ. ಗಟ್ಟಿ ಮರಿ ಕಡಿಮೆ ಬಿಟ್ಟು, ಕಡಿಮೆ ಫೀಡ್ ಹಾಕಿ, ಅಷ್ಟೇ ಸಿಗಡಿ ತೆಗೆದ್ರೆ ಹೊಳೆಗೂ ಅಷ್ಟು ಹಗುರ. ಅವಳಿಗೆ ಈ ಉತ್ತರ ಪೂರ್ತಿ ಒಪ್ಪಿಗೆ ಆಗಿಲ್ಲ. ಕ್ಯಾಂಟೀನಲ್ಲಿ ಜಗಳ ಮುಂದುವರಿದಿದೆ.

ಈ ಸಲದ ಗಾಡಿಯ ಲೆಕ್ಕಪತ್ರ ನಾನು ಬರೀತೀನಿ ಅಂತ ಚಿಕ್ಕಪ್ಪನ ಹತ್ರ ಹೇಳಿದ್ದೀನಿ. "ಬರಿ, ಅದಕ್ಕೇನು ದುಡ್ಡು ಕೊಡಬೇಕಾ" ಅಂದ್ರು. ನೋಟ್‌ಬುಕ್ಕಲ್ಲಿ ಎರಡು ಕಾಲಂ ಹಾಕಿದ್ದೀನಿ, 48 ಗಂಟೆಯಲ್ಲಿ ಸತ್ತದ್ದು ಮತ್ತು ಆಮೇಲೆ ಸತ್ತದ್ದು. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಹೊಂಡ ಇದ್ರೆ, ಅಂಕೋಲಾ, ಹೊನ್ನಾವರ, ಕುಂದಾಪುರ ಎಲ್ಲೇ ಇರಲಿ, 100 ಮರಿ ಬಲೆಗೂಡಿನ ಲೆಕ್ಕ ಮಾಡಿ ನನಗೆ ಮೆಸೇಜ್ ಹಾಕಿ. ಹ್ಯಾಚರಿ ಹೆಸರು ಬೇಡ, ನಂಬರ್ ಮಾತ್ರ. ಕಂತು 8ರಲ್ಲಿ ಎಲ್ಲ ಸೇರಿಸಿ ಒಂದು ಟೇಬಲ್ ಹಾಕ್ತೀನಿ.

#ನಮ್ಮೂರಲೆಕ್ಕ #ಸಿಗಡಿ #ಶೆಟ್ಲಿ #ಗಜನಿ #ಕುಮಟಾ #ಬಿಕಾಂಹುಡುಗರು #ಕಾಸ್ಟ್‌ಅಕೌಂಟಿಂಗ್